ಅತ್ತೆ ನೋಡದ ಕೊನೆಯ ಎಪಿಸೋಡು

ನಂದಿತಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಇಯರ್‌ಫೋನಿನ ಒಂದು ತುದಿಯನ್ನು ಕಿವಿಗೆ ಸಿಕ್ಕಿಸಿಕೊಂಡಳು. ಇನ್ನೊಂದು ತುದಿ ಮಡಿಲಿಗೆ ಬಿತ್ತು. ಮೊಬೈಲನ್ನು ಮಂಡಿಯ ಮರೆಯಲ್ಲಿಟ್ಟು, ಅತ್ತೆಯ ಕಿವಿಯತ್ತ ಬಾಗಿ ಶುರು ಮಾಡಿದಳು.

"ಹಡಗು ನಿಂತೈತೆ ಅತ್ತೆ. ಜನ ಎಲ್ಲ ಇನ್ನೂ ಮಲ್ಗವ್ರೆ."

ಸರ್ವಮಂಗಳಮ್ಮ ಕ್ಯಾತ್ಸಂದ್ರದ ತಮ್ಮ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿ, ಕಾಲು ಮಡಿಸಿ ಕೂತಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ತಲೆ ವಾಲದಂತೆ ಯಾರೋ ಬಿಳಿ ಬಟ್ಟೆ ಬಿಗಿದಿದ್ದರು. ಭಜನೆಯವರು ಕಾಫಿಗೆಂದು ಎದ್ದಿದ್ದರು. ಮಗ, ನಂದಿತಾಳ ಗಂಡ ಮಲ್ಲಿಕಾರ್ಜುನ್ ಗುಣಿ ತೋಡಿಸಲು ಹೋಗಿದ್ದ. ಕ್ರಿಯೆ ಮಾಡಿಸುವ ಅಯ್ಯನವರು ಬಂದರೆ ಎತ್ತುವುದೇ. ಅಷ್ಟರಲ್ಲಿ ಎಪಿಸೋಡು ಮುಗಿಯಬೇಕು. ಅತ್ತೆ ಸೊಸೆ ಸೇರಿ ನೋಡುತ್ತಿದ್ದ ಕತೆಯ ಕೊನೆಯದು; ಬೆಳಿಗ್ಗೆಯಷ್ಟೇ ಬಂದದ್ದು. ಅತ್ತೆಯನ್ನು ಕತೆಯ ನಡುವೆ ಕಳಿಸಬಾರದೆಂದು ನಂದಿತಾ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ಬಾಗಿಲ ಬಳಿ ಮಾವ ಮಹಾದೇವಯ್ಯ ದಿನವೂ ಮಠಕ್ಕೆ ಒಯ್ಯುವ ಕಪ್ಪು ಕೊಡೆಯನ್ನು ಮಂಡಿಗೆ ಆನಿಸಿಕೊಂಡು ಕೂತಿದ್ದರು. ಹೊರಡುವುದಕ್ಕೆ ತಾವೊಬ್ಬರೇ ತಯಾರು ಎನ್ನುವ ಹಾಗೆ.

ಗುಬ್ಬಿಯಿಂದ ಬಂದಿದ್ದ ಅತ್ತೆಯ ತಂಗಿ ಪಕ್ಕದವರ ತೋಳು ತಟ್ಟಿದರು. "ನೋಡಿ, ಕಿವೀಲಿ ಪಂಚಾಕ್ಷರಿ ಹೇಳ್ತಾವ್ಳೆ. ಇಂಥ ಸೊಸೆ ಯಾರಿಗ್ ಸಿಕ್ತಾಳೆ?"

"ನಮ್ಮನೇಲೂ ಒಬ್ಳವ್ಳೆ," ಎಂದಳು ಪಕ್ಕದಲ್ಲಿ ಕೂತಿದ್ದ ಕುಣಿಗಲಿನ ಹೆಂಗಸು. "ಫೋನ್ ಬುಟ್ಟು ತಲೆ ಎತ್ತಲ್ಲ."

*

ಸರ್ವಮಂಗಳಮ್ಮ ಹಾಸ್ಟೆಲ್ ಹುಡುಗಿಯರಿಗೆ ಮೆಸ್ ನಡೆಸುತ್ತಿದ್ದರು. ಚಪಾತಿಗೆ ಕಾಯುವ ಹುಡುಗಿಯರ ಮೊಬೈಲಿನಲ್ಲಿ ರಕ್ತ ಹೀರುವವರ ಕತೆಯೊಂದನ್ನು ಲಟ್ಟಣಿಗೆ ಹಿಡಿದೇ ಇಣುಕಿ ನೋಡಿದವರು ಆಮೇಲೆ ಬಿಡಲಿಲ್ಲ. ಬೆಳ್ಳುಳ್ಳಿಗೆ ಹೆದರುವ ವ್ಯಾಂಪೈರ್‌ಗಳನ್ನು ಕಂಡರೆ ಅವರಿಗೆ ತಾತ್ಸಾರ. ನಮ್ಮ ಮೆಸ್ಸಿನ ಚಟ್ನಿಗೇ ಸಾಯುವವು ಎಂಥ ಪಿಶಾಚಿ ಎನ್ನುತ್ತಿದ್ದರು. ಬಾಹ್ಯಾಕಾಶದ ಕತೆಯಾದರೆ, ಅಷ್ಟು ಜನಕ್ಕೆ ನೀರು ಎಲ್ಲಿಂದ, ಮುಸುರೆ ತಿಕ್ಕುವವರು ಯಾರು ಎಂದು ಕೇಳುತ್ತಿದ್ದರು.

ನಂದಿತಾ ವಸಂತನರಸಾಪುರದ ಫ್ಯಾಕ್ಟರಿಯಿಂದ ಬೆಳಗಿನ ಶಿಫ್ಟ್ ಮುಗಿಸಿ ಮಧ್ಯಾಹ್ನ ಬಂದ ಮೇಲೆ, ಇಬ್ಬರೂ ಇಯರ್‌ಫೋನಿನ ಒಂದೊಂದು ತುದಿ ಹಂಚಿಕೊಂಡು ಕೂರುತ್ತಿದ್ದರು. ಅತ್ತೆಗೆ ಇಂಗ್ಲಿಷ್ ಬಾರದು. ಸೊಸೆ ಪಿಸುದನಿಯಲ್ಲಿ ಕನ್ನಡ ಮಾಡಿ ಹೇಳಬೇಕು. ಪಕ್ಕದಲ್ಲೇ ಮಹಾದೇವಯ್ಯ ಪೇಪರಿನಲ್ಲಿ ಮುಖ ಹುದುಗಿಸಿ, ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಪಿಶಾಚಿ ಸಾಕ್ತಾವ್ರೆ ಎಂದು ಗೊಣಗುತ್ತಿದ್ದರು.

ಈಗ ಮುಗಿಯುತ್ತಿದ್ದ ಕತೆಯ ವ್ಯಾಂಪೈರ್ ಹೆಂಗಸು, ದೂರದ ನಕ್ಷತ್ರಕ್ಕೆ ಹೊರಟ ಹಡಗನ್ನು ಒಬ್ಬಳೇ ಕಾಯುವವಳು. ಜನರೆಲ್ಲ ಗಾಜಿನ ಪೆಟ್ಟಿಗೆಗಳಲ್ಲಿ ನಿದ್ದೆಯಲ್ಲಿದ್ದಾರೆ. ಅವಳಿಗೆ ಮುಪ್ಪಿಲ್ಲ, ಹಸಿವಿದೆ. ಆದರೂ ತಲೆಮಾರುಗಟ್ಟಲೆ ಒಬ್ಬರ ಕತ್ತಿಗೂ ಬಾಯಿ ಹಾಕಿಲ್ಲ. ಊರು ಮುಟ್ಟಿದ ಮೇಲೆ ಬಾಗಿಲು ಅವಳೇ ತೆಗೆಯಬೇಕು. ತೆಗೆದರೆ ಹೊಸ ಸೂರ್ಯ. ಬಿಸಿಲು ತಾಕಿದರೆ ಅವಳು ಬೂದಿ.

"ತೆಗೀತಾಳೆ ಕಣೇ," ಎಂದಿದ್ದರು ಅತ್ತೆ. "ಅಷ್ಟು ಜನಾನ ಕಾದವ್ಳೆ. ಒಬ್ರಾದ್ರೂ ಎದ್ದು ಒಂದು ಕೊಡೆ ಹಿಡಿಯಲ್ವಾ?"

ಹಿಂದೊಮ್ಮೆ ಅವರ ಮೆಚ್ಚಿನ ಪಾತ್ರವೊಂದು ಸತ್ತಾಗ, ಊರಿಗೆ ಹೋದ ಎಂದು ನಂದಿತಾ ತೇಲಿಸಿದ್ದಳು. ಅತ್ತೆ ಪರದೆಯ ಮೇಲಿನ ಮುಖಗಳನ್ನು ನೋಡಿಯೇ ಹಿಡಿದುಬಿಟ್ಟಿದ್ದರು. "ನನ್ನೇನ್ ಮಗು ಅನ್ಕಂಡಿದೀಯ? ಇರೋದ್ ಹೇಳು."

*

ಅಯ್ಯನವರು ಬಂದರು. ಎಪಿಸೋಡು ಮುಗಿದಿರಲಿಲ್ಲ.

"ನಂದಿತಾ, ಏಳು," ಎಂದ ಮಲ್ಲಿಕಾರ್ಜುನ್. ಅವಳು ಏಳಲಿಲ್ಲ, ತುಟಿಯೂ ನಿಲ್ಲಲಿಲ್ಲ. ಮಂತ್ರದ ನಡುವೆ ಎಬ್ಬಿಸಬಾರದು ಎಂದು ಗುಬ್ಬಿಯ ಚಿಕ್ಕಮ್ಮ ಅವನನ್ನೇ ಗದರಿದರು. ಅಯ್ಯನವರು ಹತ್ತಿರ ಬಾಗಿ ಕಿವಿಗೊಟ್ಟರು. ಹುಬ್ಬು ಗಂಟಿಕ್ಕಿತು. ತಿರುಗಿ ಮನೆಯ ಯಜಮಾನರ ಮುಖ ನೋಡಿದರು.

ನಂದಿತಾ ಅದನ್ನು ಕಂಡಳು. ಆದರೂ ಹೇಳುವುದನ್ನು ನಿಲ್ಲಿಸಲಿಲ್ಲ.

"ಇನ್ನೊಂಚೂರೈತೆ ಅಯ್ಯನೋರೆ," ಎಂದರು ಮಹಾದೇವಯ್ಯ, ಕೂತಲ್ಲಿಂದಲೇ. "ಮುಗೀಲಿ."

ಪರದೆಯಲ್ಲಿ ಬಾಗಿಲು ಸರಿಯಿತು. ಬೆಳಕು ಒಳಗೆ ನುಗ್ಗಿತು. ನಂದಿತಾ ಅತ್ತೆಯ ಮುಖ ನೋಡಿದಳು. ಆಮೇಲೆ ಕಂಡದ್ದನ್ನೇ ಹೇಳಿದಳು.

"ಬಾಗ್ಲು ತೆಗೆದ್ಲು ಅತ್ತೆ. ಯಾರೂ ಎದ್ದಿರ್ಲಿಲ್ಲ. ಒಬ್ಳೇ ಹೊರಗೆ ಹೋದ್ಲು."

*

ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ, ನಾಲ್ವರ ಹೆಗಲ ಮೇಲೆ, ಸರ್ವಮಂಗಳಮ್ಮ ಕೂತೇ ಹೊರಟರು. ಹೈವೇ ದಾಟುವಾಗ ಲಾರಿಗಳು ನಿಂತವು. ಆಚೆ ಮಣ್ಣಿನ ದಾರಿಗೆ ಇಳಿದ ಮೇಲೆ ಮಹಾದೇವಯ್ಯ ಸೊಸೆಯ ಪಕ್ಕಕ್ಕೆ ಬಂದರು. ಮಡಿಸಿದ ಕೊಡೆ ಕೈಯಲ್ಲೇ ಇತ್ತು.

"ಕೊಡೆ ಹಿಡಿದ್ರಾ?"

ಏನು ಕೇಳುತ್ತಿದ್ದಾರೆಂದು ತಿಳಿಯಲು ಅವಳಿಗೆ ನಾಲ್ಕು ಹೆಜ್ಜೆ ಬೇಕಾಯಿತು. ಮಾವ ಪೇಪರಿನ ಹಿಂದೆ ಕೂತಿದ್ದ ಅಷ್ಟೂ ಮಧ್ಯಾಹ್ನಗಳು ಒಮ್ಮೆಗೇ ಕಣ್ಣ ಮುಂದೆ ಬಂದವು.

"ಇಲ್ಲ ಮಾವ. ಯಾರೂ ಹಿಡೀಲಿಲ್ಲ."

ಅವರು ಮುಂದೆ ನಡೆದರು.

ನಡುಹೊತ್ತಾಗಿತ್ತು. ಕೆಳಗೆ ನಿಂತ ಇಬ್ಬರು ಸರ್ವಮಂಗಳಮ್ಮನನ್ನು ಇಳಿಸಿಕೊಂಡು ಗುಣಿಯೊಳಗೆ ಕೂರಿಸಿದರು. ನೆತ್ತಿಯ ಬಿಸಿಲು ನೇರ ಅವರ ಮುಖಕ್ಕೆ ಬಿದ್ದು ಹಣೆಯ ವಿಭೂತಿ ಹೊಳೆಯಿತು. ಅಯ್ಯನವರು ಮಂತ್ರ ಶುರು ಮಾಡಿದರು. ಜನ ಬಿಲ್ವಪತ್ರೆ ಹಿಡಿದು ಕಾದರು.

ಮಹಾದೇವಯ್ಯ ಎಲ್ಲರನ್ನೂ ಸರಿಸಿಕೊಂಡು ಗುಣಿಯ ಅಂಚಿಗೆ ಬಂದರು. ಕೊಡೆ ಬಿಚ್ಚಿದರು.

"ನಿಮ್ ತಲೆಗೆ ಹಿಡ್ಕಳಿ ಭಾವ, ಸುಡ್ತೈತೆ," ಎಂದರು ಗುಬ್ಬಿಯ ಚಿಕ್ಕಮ್ಮ.

ಅವರು ಕೇಳಿಸಿಕೊಳ್ಳಲಿಲ್ಲ. ಬೋಳುತಲೆಯನ್ನು ಬಿಸಿಲಿಗೆ ಬಿಟ್ಟು, ಕೊಡೆ ಹಿಡಿದ ಕೈಯನ್ನು ಗುಣಿಯ ಮೇಲೆ ಆದಷ್ಟೂ ಚಾಚಿದರು. ಕಾಲ ಕೆಳಗಿನ ಸಡಿಲ ಮಣ್ಣು ಜಾರಿ ಗುಣಿಗೆ ಉದುರಿತು. ನಂದಿತಾ ಹಿಂದಿನಿಂದ ಅವರ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕೆಳಗೆ ದುಂಡನೆಯ ನೆರಳು ಅತ್ತಿತ್ತ ನಡುಗಿ, ಸರ್ವಮಂಗಳಮ್ಮನ ಮುಖದ ಮೇಲೆ ಬಂದು ನಿಂತಿತು.