ಅಕ್ಕನ ವಯಸ್ಸು

ಸುದ್ದಿವಾಹಿನಿಗೆ ಚರ್ಚೆಗೆ ಬರುವವರ ಮುಖಕ್ಕೆ ಬಣ್ಣ ಹಚ್ಚುವುದು ಅವಳ ಕೆಲಸ. ಎಲ್ಲರಿಗೂ ಅವಳು ಅಕ್ಕ. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಮಂತ್ರಿಗಳ ಮೂಗಿನ ಬೆವರು ಒರೆಸಿದ್ದಳು. ಯಾರ ಮಾತನ್ನೂ ಪೂರ್ತಿ ಕೇಳಿರಲಿಲ್ಲ.

ಆ ದಿನದ ವಿಷಯ: ಅರವತ್ತಾದವರು ಕೆಲಸ ಬಿಟ್ಟು ಎಳೆಯರಿಗೆ ದಾರಿ ಬಿಡಬೇಕೇ? ಬಿಡಬೇಕು ಎನ್ನಲು ಅರ್ಥಶಾಸ್ತ್ರದ ಪ್ರೊಫೆಸರರು, ಬೇಡ ಎನ್ನಲು ಕಾರ್ಮಿಕ ಮುಖಂಡರು ಬಂದಿದ್ದರು. ಪ್ರೊಫೆಸರರಿಗೆ ಅರವತ್ತೆಂಟು. ಮಾತಾಡುವುದು ಕೆಲಸವಲ್ಲ ಎಂದು ಅವರೇ ಸ್ಪಷ್ಟಪಡಿಸಿದರು.

ಜಾಹೀರಾತಿನ ನಡುವೆ ಮುಖಂಡರ ಹಣೆ ಒರೆಸಲು ಅಕ್ಕ ಒಳಗೆ ಹೋದಳು. ಒರೆಸಿ ಮುಗಿಯುವ ಮೊದಲೇ ಜಾಹೀರಾತು ಮುಗಿಯಿತು. ಮುಖಂಡರು ಅವಳ ಕೈ ಹಿಡಿದು ಕ್ಯಾಮೆರಾದ ಮುಂದೆ ಎತ್ತಿದರು.

“ನೋಡಿ, ಈ ಅಕ್ಕನಿಗೆ ಅರವತ್ತೆರಡು. ನನಗೆ ಅವರೇ ಹೇಳಿದಾರೆ. ಈ ಕೈ ನಡುಗುತ್ತಾ?”

ಆಗ ನಡುಗಿತು. ವಾಹಿನಿಯಲ್ಲಿ ಅರವತ್ತಕ್ಕೆ ನಿವೃತ್ತಿ; ಕೆಲಸಕ್ಕೆ ಸೇರುವಾಗ ಅಕ್ಕ ವಯಸ್ಸನ್ನು ಆರು ವರ್ಷ ಕಡಿಮೆ ಬರೆಸಿದ್ದಳು.

ಮರುದಿನ ಸಿಬ್ಬಂದಿ ವಿಭಾಗದವರು ಕೂರಿಸಿ, ನೀರು ಕೊಟ್ಟು, ಹೂಗುಚ್ಛ ಕೊಟ್ಟು ಕೆಲಸದಿಂದ ಕಳಿಸಿದರು. ಅಕ್ಕ ಮುಖಂಡರಿಗೆ ಫೋನು ಮಾಡಿದಳು.

“ಅನ್ಯಾಯ ಅಕ್ಕ! ಇದನ್ನ ಚರ್ಚೆಲಿ ಎತ್ತೇ ಎತ್ತುತ್ತೀನಿ.”

ಎತ್ತಿದರು ಕೂಡ. ಅಕ್ಕನ ಕೆಲಸ ವಾಪಸು ಬರಲಿಲ್ಲ. ಮುಖಂಡರಿಗೆ ಇನ್ನೊಂದು ವಾಹಿನಿಯಿಂದ ಕರೆ ಬಂತು.

“ಒಳ್ಳೇದೇ ಆಯ್ತು, ಕಾಲು ಚಾಚಿ ಕೂತ್ಕೊ” ಎಂದಳು ಜೊತೆಗಿದ್ದ ತಂಗಿ. ಕೂತಳು. ಎರಡು ದಿನ ಗೋಡೆ ನೋಡಿದಳು.

ನಾಲ್ಕನೆಯ ದಿನ ಪ್ರೊಫೆಸರರ ಫೋನು.

“ಹೊಸ ಹುಡುಗಿ ನನ್ನ ಮುಖಕ್ಕೆ ಸುಣ್ಣ ಬಳಿದಿದಾಳೆ. ಹೆಂಡತಿಗೇ ಗುರುತು ಸಿಗಲಿಲ್ಲ. ನೀವು ನಮ್ಮನೆಗೆ ಬಂದು ಮಾಡಿಕೊಡ್ತೀರಾ?”

“ನನಗೆ ಅರವತ್ತು ದಾಟಿದೆಯಲ್ಲ ಸರ್.”

“ಅದು ದೇಶದ ಮಾತು ಅಕ್ಕ. ಇದು ಮುಖದ ಮಾತು.”

ಅಕ್ಕ ಹೋಗಲಿಲ್ಲ. ಆ ಹುಡುಗಿಗೆ ಫೋನು ಮಾಡಿದಳು. ಹುಡುಗಿ ಅತ್ತುಬಿಟ್ಟಳು, ಅವಳಿಗೆ ಗೊತ್ತಿದ್ದದ್ದು ಮದುಮಗಳ ಅಲಂಕಾರ ಮಾತ್ರ.

“ಅಳಬೇಡ. ನಾಳೆ ಮನೆಗೆ ಬಾ. ನನ್ನ ತಂಗಿ ಮುಖದ ಮೇಲೆ ಕಲಿಸ್ತೀನಿ.”

“ನನ್ನ ಮುಖ ಯಾಕೆ?” ಎಂದಳು ತಂಗಿ.

“ಪ್ರೊಫೆಸರರ ಥರಾನೇ ಇದೆ.”

ವಾರದೊಳಗೆ ಪ್ರೊಫೆಸರರು ಟಿವಿಯಲ್ಲಿ ಮನುಷ್ಯರಂತೆ ಕಾಣತೊಡಗಿದರು. ಈಗ ಬೇರೆ ವಾಹಿನಿಗಳ ಹುಡುಗಿಯರೂ ಕಲಿಯಲು ಬರುತ್ತಾರೆ. ಅಕ್ಕ ಬೆಳಿಗ್ಗೆಯೇ ಕುಂಚ ತೊಳೆದು ಕಾಯುತ್ತಾಳೆ. ಪ್ರತಿ ಸಲ ಮುಖ ತೊಳೆದ ಮೇಲೆ ಒಂದು ಲೋಟ ಟೀ ಕೊಡಬೇಕೆಂಬ ಕರಾರಿನ ಮೇಲೆ ತಂಗಿಯೂ ಒಪ್ಪಿದ್ದಾಳೆ.