ತಕಾರದ ಕಪಾಟು

ಚನಿಯಣ್ಣ ನಡೆದರೆ ಸದ್ದಾಗುತ್ತಿರಲಿಲ್ಲ. ಉಗ್ರಾಣದ ಬೀಗದ ಕೈಗಳ ದೊಡ್ಡ ಗೊಂಚಲನ್ನು ಸೊಂಟಕ್ಕೆ ನೇತುಹಾಕಿಕೊಂಡು ದಿನವಿಡೀ ಓಡಾಡುವ ಆ ಮನುಷ್ಯ ಪಕ್ಕದಲ್ಲಿ ಬಂದು ನಿಂತದ್ದು ನಮಗೆ ತಿಳಿಯುತ್ತಿದ್ದುದು ಕೋಟಿಗೆ ಅಂಟಿದ ಗ್ರೀಸಿನ ವಾಸನೆಯಿಂದ ಮಾತ್ರ. ಒಂದೊಂದು ಕೀಲಿಗೂ ಹಳೆಯ ಬನಿಯನ್ನಿನ ಚೂರು ಸುತ್ತಿದ್ದರು. ಖಾಕಿ ಕೋಟಿನ ಲೋಹದ ಗುಂಡಿಗಳನ್ನು ಕಿತ್ತೆಸೆದು ಬಟ್ಟೆಯ ಗುಂಡಿ ಹೊಲಿದುಕೊಂಡಿದ್ದರು. ಬಾಗಿಲು ಮುಚ್ಚುವಾಗ ಮಲಗಿದ ಮಗುವಿನ ಕೋಣೆಯಿಂದ ಹೊರಬರುವ ತಾಯಿಯಂತೆ ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಎಳೆಯುತ್ತಿದ್ದರು. ಅಂಥವರು ಕಪಾಟಿನ ತುಂಬ ವಾದ್ಯಗಳನ್ನು ಕೂಡಿಟ್ಟಿದ್ದರೆಂದರೆ ಯಾರಾದರೂ ನಕ್ಕಾರು. ನಾನೂ ನಕ್ಕಿದ್ದೆ, ಮೊದಲ ಸಲ ಕಪಾಟಿನ ಬಾಗಿಲು ತೆರೆಯುವವರೆಗೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಅರಬ್ ನಾಡಿನ ದಹ್ರಾನ್ ಪಟ್ಟಣದ ಹೊರಗೆ, ತೈಲ ಕಂಪನಿಯ ಬೇಲಿಯಿಂದ ಸಾಕಷ್ಟು ದೂರದಲ್ಲಿ, ನಮ್ಮ ಕಟ್ಟಡ ಕಂಪನಿಯ ಕ್ಯಾಂಪು ಇತ್ತು. ನಾನು ಕಚೇರಿಯಲ್ಲಿ ಟೈಪಿಸ್ಟು. ಚನಿಯಣ್ಣ ಸಾಮಾನಿನ ಉಗ್ರಾಣದವರು. ಇಬ್ಬರಿಗೂ ಸೇರಿ ಒಂದು ಕೋಣೆ, ಎರಡು ಮಂಚ, ಎರಡು ಕಬ್ಬಿಣದ ಕಪಾಟು. ಮಂಗಳೂರಿನ ಆಸುಪಾಸಿನವರಾದ್ದರಿಂದ ಮಾತು ಬೇಗ ಕೂಡಿಬಂತು. ಆದರೆ ಅವರು ಆಡುವ ಪ್ರತಿ ಮಾತಿನ ಬಾಲದಲ್ಲೂ ಒಂದು ಎಚ್ಚರಿಕೆ ಅಂಟಿಕೊಂಡಿರುತ್ತಿತ್ತು. "ಇವತ್ತು ಸೆಕೆ ಜಾಸ್ತಿ ಉಂಟು ಮಾರಾಯ್ರೆ, ಯಾರಿಗೂ ಹೇಳ್ಬೇಡಿ" ಎನ್ನುತ್ತಿದ್ದರು. ಮೆಸ್ಸಿನ ಸಾರಿಗೆ ಉಪ್ಪು ಹೆಚ್ಚಾದರೂ ಅದೇ, ಊರಿನಿಂದ ಮಗಳ ಮದುವೆ ಗೊತ್ತಾದ ಸುದ್ದಿ ಬಂದಾಗಲೂ ಅದೇ.

ಕಪಾಟಿನಲ್ಲಿದ್ದದ್ದು ಹೀಗೆ: ಯೆಮನಿನ ಲಾರಿ ಚಾಲಕನೊಬ್ಬ ಕೊಟ್ಟುಹೋದ, ಜರಡಿಯಂತೆ ದುಂಡಗಿನ ಚೌಕಟ್ಟಿಗೆ ಚರ್ಮ ಬಿಗಿದ ತಾರ್; ಸುಡಾನಿನವನ ತಂಬೂರ್, ಅಂದರೆ ನಮ್ಮ ತಂಬೂರಿಯಲ್ಲ, ಎರಡು ಕೊಂಬಿನ ನಡುವೆ ತಂತಿ ಕಟ್ಟಿದ ಒಂದು ವಿಚಿತ್ರ ಜೀವಿ; ಕೊರಿಯಾದ ವೆಲ್ಡರನ ತೇಪ್ಯೋಂಗ್‌ಸೊ ಎಂಬ ಓಲಗದಂಥ ಊದುವ ಕೊಳವೆ; ಫಿಲಿಪ್ಪೀನಿನವರ ತೊಂಗಾತೊಂಗ್, ನೆಲಕ್ಕೆ ಕುಟ್ಟಿ ನಾದ ಹೊರಡಿಸುವ ಬಿದಿರಿನ ತುಂಡುಗಳು. ಕೆಲಸ ಮುಗಿದು ಪಾಸ್‌ಪೋರ್ಟಿಗೆ 'ಎಕ್ಸಿಟ್' ಮುದ್ರೆ ಹೊಡೆಸಿಕೊಂಡು ಊರಿಗೆ ಹೊರಟವರು, ವಿಮಾನನಿಲ್ದಾಣದ ತಪಾಸಣೆಗೆ ಹೆದರಿ, ಇವನ್ನೆಲ್ಲ ಚನಿಯಣ್ಣನ ಮಡಿಲಿಗೆ ಹಾಕಿಹೋಗಿದ್ದರು. ಎಲ್ಲವೂ ಹಳೆಯ ಕಂಬಳಿಯ ಚೂರುಗಳಲ್ಲಿ ಸುತ್ತಿ ಮಲಗಿದ್ದವು. ಒಂದನ್ನೂ ಅವರು ನುಡಿಸಿದವರಲ್ಲ.

ಉಗ್ರಾಣದಲ್ಲಿ ಮೊಳೆಯಿಂದ ಮೋಟರಿನವರೆಗೆ ಸಕಲವನ್ನೂ ಮೊದಲಕ್ಷರದ ಪ್ರಕಾರ ಜೋಡಿಸಿಟ್ಟು ರೂಢಿಯಾದ ಕೈ ಅವರದು. ವಾದ್ಯಗಳಲ್ಲೂ ಅದೇ ಶಿಸ್ತು. ಹೆಸರು ತಕಾರದಿಂದ ಆರಂಭವಾಗುವುದಾದರೆ ಮಾತ್ರ ಒಳಗೆ ಪ್ರವೇಶ. ಕರಾಚಿಯ ಎಲೆಕ್ಟ್ರಿಷಿಯನ್ ತನ್ನ ವಾದ್ಯದ ಜೋಡಿಯನ್ನು ಕೊಡಲು ಬಂದಾಗ ಬಲಗೈಯ ತಬಲಾವನ್ನು ಇಟ್ಟುಕೊಂಡು ಎಡಗೈಯ ಡಗ್ಗಾವನ್ನು ವಿನಯದಿಂದ ಹಿಂದಿರುಗಿಸಿದ್ದರು. ಆ ಪಾಪದವನು ಒಂಟಿ ಡಗ್ಗಾ ಹಿಡಿದು ಅಂಗಳದಲ್ಲಿ ದಿಕ್ಕು ತೋಚದೆ ನಿಂತಿದ್ದ. ಮೆಸ್ಸಿನ ಅಡುಗೆಯ ಹಸನಬ್ಬ ಬ್ಯಾರಿಗಳು ಊರಿನ ದಫ್ ಎಂಬ ಚರ್ಮವಾದ್ಯ ಒಂದನ್ನು ತಂದು ಎದುರಿಗಿಟ್ಟರು.

"ಎಂತ ಮಾರಾಯ್ರೆ, ನಿಮ್ಮ ಅಕ್ಷರದಿಂದ ಎರಡು ಮನೆ ಆಚೆ ಅಷ್ಟೇ ಅಲ್ವಾ? ಸ್ವಲ್ಪ ಜರುಗಿ ಜಾಗ ಕೊಡಿ."

"ಬೇಡ ಬ್ಯಾರಿಗಳೇ. ಇವತ್ತು ಇದು, ನಾಳೆ ಇನ್ನೊಂದು. ಆಸೆ ಜಾಸ್ತಿ ಆದ್ರೆ ಸಿಕ್ಕಿಬೀಳುದು ನಾವೇ. ಯಾರಿಗೂ ಹೇಳ್ಬೇಡಿ."

ಹಸನಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ಆಗಲೇ ಹೊಳೆಯಿತು: ಈ ಅಕ್ಷರದ ಹಟ ಹುಚ್ಚಲ್ಲ, ಬೇಲಿ. ಹೆದರುವ ಮನುಷ್ಯ ತನ್ನ ಆಸೆಯ ಸುತ್ತ ತಾನೇ ಹಾಕಿಕೊಂಡ ಬೇಲಿ.

ತಕಾರವೇ ಏಕೆಂದರೆ ಕಪಾಟಿನ ಮೊದಲ ನಿವಾಸಿ ಒಂದು ತಾಸೆ. ಮಾರ್ನೆಮಿಯ, ಅಂದರೆ ನವರಾತ್ರಿಯ, ದಿನಗಳಲ್ಲಿ ಹುಲಿವೇಷದವರ ಮುಂದೆ ಕೊರಳಿಗೆ ಕಟ್ಟಿಕೊಂಡು ಎರಡು ಸಪೂರ ಕೋಲಿನಿಂದ ಬಾರಿಸುವ, ಬೋಗುಣಿಯಂಥ ಒಡಲಿನ ವಾದ್ಯ. ಚನಿಯಣ್ಣನ ತಂದೆ ಅದರಲ್ಲಿ ಹೆಸರು ಮಾಡಿದವರು. ಆ ತಾಸೆಗೆ ಕಡೆಯ ಚರ್ಮವನ್ನು ಕಣ್ಣು ಮಂಜಾದ ಮೇಲೆ ಬೆರಳಿನ ಅಂದಾಜಿನಲ್ಲೇ ಬಿಗಿದು, ಅದೇ ವರ್ಷ ತೀರಿಕೊಂಡಿದ್ದರು. ಊರಿನ ಮಳೆಗೆ ಬೂಸು ಹಿಡಿದೀತೆಂದು ಮಗ ಅದನ್ನು ಅಡುಗೆ ಪಾತ್ರೆಗಳ ನಡುವೆ ಅದೂ ಒಂದು ಪಾತ್ರೆಯೆಂಬಂತೆ ಕೂರಿಸಿ ತಂದಿದ್ದರು. ಅಪ್ಪನದೆಂದು ಅವರ ಬಳಿ ಉಳಿದಿದ್ದ ವಸ್ತು ಅದೊಂದೇ. ಊರಿನಲ್ಲಾದರೆ ಚರ್ಮ ಬಿಗಿಯಾಗಲು ಬೆಂಕಿಗೆ ಹಿಡಿಯಬೇಕು. ಇಲ್ಲಿ ಏಸಿಯ ಒಣಗಾಳಿಗೆ ಅದು ಸದಾ ಬಿಗಿದೇ ಇರುತ್ತಿತ್ತು, ಯಂತ್ರ ನಡುಗಿದಾಗಲೆಲ್ಲ ತಾನಾಗಿ ಸಣ್ಣಗೆ ಮಿಡಿಯುತ್ತಿತ್ತು. ಆ ಮಿಡಿತಕ್ಕೆ ಚನಿಯಣ್ಣನ ಮುಖ ಬಿಳಿಚಿಕೊಳ್ಳುತ್ತಿತ್ತು. ಕೊನೆಗೆ ಚರ್ಮದ ಮೇಲೆ ದಪ್ಪ ಬಟ್ಟೆಯ ಪಟ್ಟಿಗಳನ್ನು ಅಡ್ಡಡ್ಡ ಅಂಟಿಸಿ ಅದರ ಬಾಯಿ ಕಟ್ಟಿದರು.

ಭಯ ಅವರೊಬ್ಬರದೇ ಆಗಿರಲಿಲ್ಲ. ಪಾಸ್‌ಪೋರ್ಟು ನಮ್ಮನ್ನು ಕರೆಸಿಕೊಂಡ ಧಣಿ ಕಫೀಲನ ಪೆಟ್ಟಿಗೆಯಲ್ಲಿ, ವಾಸದ ಪರವಾನಗಿಯಾದ ಇಕಾಮಾ ಅಂಗಿಯ ಕಿಸೆಯಲ್ಲಿ, ಜೀವ ಅಂಗೈಯಲ್ಲಿ ಎಂಬಂತೆ ಬದುಕುತ್ತಿದ್ದವರು ನಾವೆಲ್ಲ. ಇಲ್ಲಿ ಸಂಗೀತಕ್ಕೆ ನಿಷೇಧವಂತೆ, ವಾದ್ಯ ಸಿಕ್ಕರೆ ಮುರಿಯುತ್ತಾರಂತೆ, ಇಟ್ಟುಕೊಂಡವನನ್ನು ಮರುದಿನವೇ ವಿಮಾನ ಹತ್ತಿಸುತ್ತಾರಂತೆ ಎಂದು ಒಬ್ಬರ ಬಾಯಿಂದ ಒಬ್ಬರಿಗೆ ಸುದ್ದಿ ಹರಡುತ್ತಿತ್ತು. ಕಣ್ಣಾರೆ ಕಂಡವರು ನಮ್ಮ ಕ್ಯಾಂಪಿನಲ್ಲಿ ಯಾರೂ ಇರಲಿಲ್ಲ, ಕೇಳದವರೂ ಇರಲಿಲ್ಲ. ಅವರ ಕಪಾಟು ಸಿಕ್ಕಿದರೆ ಅದೇ ಕೋಣೆಯವನಾದ ನನ್ನ ಗತಿಯೂ ಅಷ್ಟೇ ಎಂದು ಎಷ್ಟೋ ಸಲ ಎಣಿಸಿದ್ದುಂಟು. ಆದರೂ ತೆಗೆದುಬಿಡಿ ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಒಂದು ಶುಕ್ರವಾರ, ಊಟ ಮುಗಿಸಿ ಅಡ್ಡಾಗಿದ್ದಾಗ ಹಸನಬ್ಬರು ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. ಆಚೆ ಸಾಲಿನಲ್ಲಿ ಯಾರೋ ಕದ್ದು ಕಾಯಿಸಿದ ಹೆಂಡ ಕುಡಿದು ಆಸ್ಪತ್ರೆಗೆ ಸೇರಿದ್ದಾರೆ. ಭದ್ರತೆಯವರು ಬಾಟಲಿ ಹುಡುಕುತ್ತ ಕೋಣೆ ಕೋಣೆ ತೆರೆಸುತ್ತಿದ್ದಾರೆ. "ಈಗ ಇಲ್ಲಿಗೇ ಬರ್ತಾರೆ ಮಾರಾಯ್ರೆ!" ಎಂದವರೇ ಅಡುಗೆಮನೆಯತ್ತ ಓಡಿದರು.

ಚನಿಯಣ್ಣ ಎದ್ದು ಕೋಟು ಹಾಕಿಕೊಂಡರು. ಆ ಸೆಕೆಯಲ್ಲಿ, ಆ ಗಳಿಗೆಯಲ್ಲಿ, ಬಟ್ಟೆಯ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೆ ಹಾಕಿಕೊಂಡು ಕಪಾಟಿನ ಪಕ್ಕದಲ್ಲಿ ಕೈಕಟ್ಟಿ ನಿಂತರು.

ಬಂದ ಅಧಿಕಾರಿ ಆ ನಾಡಿನದೇ ಅಲ್ ಹಸಾ ಕಡೆಯ ನಡುವಯಸ್ಸಿನ ಮನುಷ್ಯ. ಗದ್ದಲ ಮಾಡಲಿಲ್ಲ, ಗದರಿಸಲಿಲ್ಲ. ಮಂಚದಡಿ ಬಗ್ಗಿ ನೋಡಿದ, ನನ್ನ ಕಪಾಟು ನೋಡಿದ, ಆಮೇಲೆ ಇವರದನ್ನು ತೆರೆಸಿದ. ಒಂದೊಂದೇ ಕಂಬಳಿ ಬಿಚ್ಚಿದಂತೆ ಅವನ ಹುಬ್ಬು ಮೇಲೇರುತ್ತ ಹೋಯಿತು. ಬಿದಿರಿನ ತುಂಡಿನೊಳಗೆ ಕಣ್ಣಿಟ್ಟು ಇಣುಕಿದ, ಕೊಳವೆಯನ್ನು ತಿರುಗಿಸಿ ನೋಡಿದ. ಕಡೆಗೆ ತಾಸೆ ಕೈಗೆ ಬಂತು. ಬೆರಳು ಮಡಿಸಿ ಅದರ ಮೇಲೆ ಮೆಲ್ಲಗೆ ತಟ್ಟಿದ. ಪಟ್ಟಿ ಅಂಟಿಸಿದ ಚರ್ಮ ಮಂದವಾಗಿ 'ದಬ್' ಎಂದಿತು, ಒಳಗೇನೋ ತುಂಬಿಟ್ಟಂತೆ. ಅವನು ಇನ್ನೊಮ್ಮೆ ತಟ್ಟಿ, ಕತ್ತೆತ್ತಿ ಚನಿಯಣ್ಣನ ಮುಖ ನೋಡಿದ. ಅಷ್ಟೇ.

ಚನಿಯಣ್ಣ ಕೋಟಿನ ಕಿಸೆಯಿಂದ ಉಗ್ರಾಣದಲ್ಲಿ ಪೆಟ್ಟಿಗೆ ಬಿಚ್ಚುವ ಬ್ಲೇಡು ತೆಗೆದರು. ಏನು ಮಾಡಹೊರಟಿದ್ದಾರೆಂದು ನನಗೆ ಅರ್ಥವಾಗುವ ಮೊದಲೇ ತಾಸೆಯನ್ನು ಅವನ ಕೈಯಿಂದ ಸೆಳೆದುಕೊಂಡು, ಚರ್ಮವನ್ನು ಈ ಅಂಚಿನಿಂದ ಆ ಅಂಚಿಗೆ ಸೀಳಿ, ಬಗ್ಗಿಸಿ, ಬರಿದಾದ ಒಡಲನ್ನು ಅವನ ಕಣ್ಣ ಮುಂದೆ ಹಿಡಿದರು. "ಖಾಲಿ ಸಾಬ್, ಖಾಲಿ. ನೋ ಶರಾಬ್, ಖಾಲಿ" ಎನ್ನುತ್ತ ತಿರುಗಿಸಿ ತಿರುಗಿಸಿ ತೋರಿಸಿದರು.

ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದ. "ಲೇಶ್?" ಎಂದ. ಏಕೆ ಎಂದರ್ಥ. ಆಮೇಲೆ ತನಗೆ ಬರುವಷ್ಟು ಹಿಂದಿಯಲ್ಲಿ, "ಕ್ಯೋಂ ಕಾಟಾ? ನಾನು ಕತ್ತರಿಸು ಅಂತ ಹೇಳಿದೆನೇ?" ಎಂಬರ್ಥದ ಮಾತನ್ನು ತಡವರಿಸುತ್ತ ಕೇಳಿದ. ಬಿಚ್ಚಿ ಮಂಚದ ಮೇಲಿಟ್ಟಿದ್ದ ತಾರನ್ನು ಎತ್ತಿಕೊಂಡ. ಹಿಡಿದ ರೀತಿಯಲ್ಲೇ ಅದು ಆ ಕೈಗೆ ಹೊಸದಲ್ಲವೆಂದು ತಿಳಿಯುತ್ತಿತ್ತು. ಒಂದು ಕ್ಷಣ ಹೆಬ್ಬೆರಳಿನಿಂದ ಅಂಚನ್ನು ಸವರಿ, ಮತ್ತೆ ಕಂಬಳಿಯಲ್ಲಿ ಸುತ್ತಿ ಕಪಾಟಿನೊಳಗಿಟ್ಟು, ಬಾಗಿಲನ್ನು ತಾನೇ ಮುಚ್ಚಿ ಹೊರಟುಹೋದ. ಒಂದು ವಸ್ತುವನ್ನೂ ಒಯ್ಯಲಿಲ್ಲ.

ಸಂಜೆ ಹಸನಬ್ಬರು ಚಹಾ ತಂದುಕೊಟ್ಟು ಪಕ್ಕದಲ್ಲಿ ಕುಳಿತರು. "ಬೇಜಾರು ಮಾಡ್ಬೇಡಿ, ಊರಿಗೆ ಹೋದಾಗ ಹೊಸ ಚರ್ಮ ಹಾಕಿಸುವ" ಎಂದರು.

"ಹಾಕಿಸ್ಬಹುದು ಬ್ಯಾರಿಗಳೇ" ಎಂದರು ಚನಿಯಣ್ಣ. ಸೀಳಿದ ಚರ್ಮದ ಅಂಚುಗಳನ್ನು ಬೆರಳಿನಿಂದ ಕೂಡಿಸುತ್ತ, "ಅದು ಅಪ್ಪ ಬಿಗಿದದ್ದು" ಎಂದರು. ಚಹಾ ಆರಿಹೋಯಿತು. ನನಗೆ ಅಳು ಬಂತು. ಅವರಿಗೆ ಬರಲಿಲ್ಲ, ಅಥವಾ ಸದ್ದಾದೀತೆಂದು ತಡೆದುಕೊಂಡರೋ ಏನೋ.

ಇದಾದ ಮೇಲೂ ಕೆಲವು ವರ್ಷ ಅವರು ಅಲ್ಲೇ ದುಡಿದರು, ಸುಸೂತ್ರವಾಗಿ ಊರು ಸೇರಿದರು. ಅವರ ಇಕಾಮಾಕ್ಕೆ, ಕೆಲಸಕ್ಕೆ ಯಾವ ಕುಂದೂ ಬರಲಿಲ್ಲ. ಅಂಥವರನ್ನು ಆಮೇಲೆ ನಾನು ಬೇರೆ ಕಡೆಗಳಲ್ಲೂ ಕಂಡಿದ್ದೇನೆ, ಕಚೇರಿಗಳಲ್ಲಿ, ಮನೆಗಳಲ್ಲಿ, ಒಮ್ಮೊಮ್ಮೆ ಕನ್ನಡಿಯಲ್ಲಿ. ಅವರು ಕೆಟ್ಟವರಲ್ಲ, ಹೇಡಿಗಳೂ ಅಲ್ಲ. ತಮ್ಮ ಪ್ರೀತಿಯ ವಸ್ತುವನ್ನು ಲೋಕದ ಕಣ್ಣಿನಿಂದ ವರ್ಷಗಟ್ಟಲೆ ಕಾಪಾಡುವ ತಾಳ್ಮೆ ಅವರಷ್ಟು ಬೇರೆ ಯಾರಿಗೂ ಇರುವುದಿಲ್ಲ. ಆದರೆ ಕಾದು ಕಾದು, ಬರಲಿರುವವನ ಮುಖ, ಅವನು ಕೇಳಲಿರುವ ಪ್ರಶ್ನೆ, ಅವನು ಕೊಡಲಿರುವ ಶಿಕ್ಷೆ ಎಲ್ಲವೂ ಅವರಿಗೆ ಬಾಯಿಪಾಠವಾಗಿಬಿಟ್ಟಿರುತ್ತದೆ. ನಿಜವಾಗಿ ಬಂದವನು ಬೇರೆಯೇ ಮನುಷ್ಯನಾಗಿರಬಹುದೆಂದು ನೋಡುವಷ್ಟು ಬಿಡುವು ಅವರಿಗೆ ಉಳಿದಿರುವುದಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಅವರ ಕೈ ಶಿಕ್ಷೆಯನ್ನು ಜಾರಿ ಮಾಡಿ ಮುಗಿಸಿರುತ್ತದೆ.