ಬೆವರದ ಗಡಿಗೆಗಳು

ಗುರುಲಿಂಗವ್ವನ ಗಂಡ, ಕುಂಬಾರ ಅಮಾತೆಪ್ಪ, ಎರಡು ದಿನದಿಂದ ಉಂಡಿರಲಿಲ್ಲ. ಲಕ್ವಾ ಹೊಡೆದು ಬಲಗೈ ಬೀಳುವ ಮೊದಲು ಅವನು ಮಾಡಿದ ಕಡೆಯ ಆರು ಗಡಿಗೆಗಳು ಹುನಗುಂದದ ಬಸ್ ಸ್ಟ್ಯಾಂಡಿನ ಅರವಟ್ಟಿಗೆಗೆ ಹೋಗಿದ್ದವು. ಅವುಗಳ ನೀರು ಬಿಸಿಯಂತೆ! ಅರವಟ್ಟಿಗೆ ನಡೆಸುವ ಹೊಳಬಸಪ್ಪ ನಾಲ್ಕು ಮಂದಿಯ ಮುಂದೆ, "ಅಮಾತೆಪ್ಪನ ಕೈ ಕೆಟ್ಟೈತಿ" ಎಂದಿದ್ದ. ಯಾವನೋ ಪುಣ್ಯಾತ್ಮ ಆ ಮಾತನ್ನು ಹಾಸಿಗೆಯವರೆಗೂ ಮುಟ್ಟಿಸಿದ್ದ.

"ಖರೆ ಇರಬೇಕು ಬಿಡು," ಎಂದು ಅಮಾತೆಪ್ಪ ಗೋಡೆಯ ಕಡೆ ಹೊರಳಿದ.

ಗುರುಲಿಂಗವ್ವನ ಮೈ ಉರಿದುಹೋಯಿತು. ಅದೇ ಆವಿಗೆಯಲ್ಲಿ ಬೆಂದು ಮನೆಯಲ್ಲೇ ಉಳಿದಿದ್ದ ಏಳನೆಯ ಗಡಿಗೆಯನ್ನು ನೀರಿನ ಸಮೇತ ತಲೆಯ ಮೇಲೆ ಹೊತ್ತು, ೧೯೮೩ರ ಆ ಸುಡು ಏಪ್ರಿಲ್‌ನಲ್ಲಿ ಬರಿಗಾಲಲ್ಲೇ ಹೊರಟಳು.

ಅರವಟ್ಟಿಗೆಯಲ್ಲಿ ಆರೂ ಗಡಿಗೆ ಕುತ್ತಿಗೆಯಿಂದ ತಳದವರೆಗೆ ಹಸಿರು ಎಣ್ಣೆಬಣ್ಣ ಬಳಿಸಿಕೊಂಡು ಮಿರಿಮಿರಿ ಮಿಂಚುತ್ತಿದ್ದವು. ಹೊಟ್ಟೆಯ ಮೇಲೆ ಬಿಳಿ ಅಕ್ಷರ: ದಾನಿ ಹೊಳಬಸಪ್ಪನವರು.

"ಯಾವ ಮಾರಾಯ ಬಳದದ್ದು ಇದನ್ನ?"

"ನಾನ ಬಳಿಸೇನಿ," ಎಂದ ಹೊಳಬಸಪ್ಪ. "ಯಾವಾಗ ನೋಡಿದ್ರೂ ಜಿನಗತಿದ್ದವು. ಹಸಿ ಮೈ ಮ್ಯಾಲ ಬರದ ಹೆಸರು ನಿಲ್ಲಲಿಲ್ಲ. ಎರಡು ಕೋಟ್ ಹೊಡಸಿದೆ."

"ಜಿನಗದ ತಂಪ ಹೆಂಗ ಆಕ್ಕಾವೋ? ಗಡಿಗಿ ಬೆವರಬೇಕು, ಆ ಬೆವರು ಗಾಳಿಗೆ ಆರಬೇಕು. ಹಂಗ ಆರುವಾಗ ಒಳಗಿನ ಕಾವು ಎತಗೊಂಡು ಹೋಗತೈತಿ. ಹೊಲದಿಂದ ಬೆವತು ಬಂದು ಬೇವಿನ ಗಿಡದ ಕೆಳಗ ಕುಂತಾಗ ನಿನ್ನ ಮೈ ತಣ್ಣಗಾಗೂದಿಲ್ಲೇನು? ಅದಕ್ಕ ಡಾಂಬರ ಬಳಕೊಂಡು ಕುಂದರು, ನೋಡೂಣು!"

ಬಸ್ಸಿಗೆ ಕಾಯುತ್ತಿದ್ದವರು ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ಏಳನೆಯ ಗಡಿಗೆಯಿಂದ ಒಂದು ಲೋಟ ಬಗ್ಗಿಸಿ ಅವನ ಮೂಗಿನ ಮುಂದೆ ಹಿಡಿದಳು.

"ಇದೂ ಅದ ಆವಿಗಿದು, ಅವನ ಕೈದು. ಕುಡಿ."

ಕುಡಿದ. ಮುಖ ಸಣ್ಣದಾಯಿತು. "ಹಲ್ಲು ಜುಮ್ಮಂದ್ವು... ಆತು, ಬಣ್ಣ ಕೆರಸತೇನಿ."

"ಮಣ್ಣೊಳಗ ಇಳದದ್ದು ಹೆಂಗ ಕೆರಸತಿ? ಆರೂ ಕೊಂದಿ."

"ಹಂಗಾದ್ರ ಅಂಥಾವ ಹೊಸಾವು ಕೊಡು."

"ಮಾಡೂ ಕೈ ಎಲ್ಲಿಂದ ತರ್ಲಿ?" ಅವಳು ಅವನ ಕೈಯಿಂದ ಲೋಟ ಕಸಿದುಕೊಂಡಳು. "ನಾಲ್ಕು ಮಂದಿ ಮುಂದ ಅಂದಿ. ಆ ನಾಲ್ಕು ಮಂದಿನ್ನ ಕರಕೊಂಡು ನಮ್ಮ ಮನಿಗೆ ನಡಿ. ಈಗ ಗೊತ್ತಾದದ್ದನ್ನ ಅವನ ಮುಂದ ಅನ್ನು."

ಹೊಳಬಸಪ್ಪ ಆ ನಾಲ್ಕು ಮಂದಿಯನ್ನು ಕರೆದುಕೊಂಡು ಹೋದ. ಹಾಸಿಗೆಯ ಬಳಿ ತಲೆ ತಗ್ಗಿಸಿ ನಿಂತು ಹೇಳಿದ: "ನಿನ್ನ ಕೈದೇನೂ ತಪ್ಪಿಲ್ಲ ಅಮಾತೆಪ್ಪ. ಬಣ್ಣ ಬಳಿಸಿ ನಾನ ಕೆಡಿಸೇನಿ."

"ಆರೂ?"

"ಆರೂ."

ಅಮಾತೆಪ್ಪ ಗೋಡೆ ಬಿಟ್ಟು ಹೆಂಡತಿಯತ್ತ ಹೊರಳಿ, "ರೊಟ್ಟಿ ಕೊಡು," ಎಂದ.

ಅವಳು ರೊಟ್ಟಿ ಮುರಿದು ಅವನ ಬಾಯಿಗಿಟ್ಟಳು. ಬಿಸಿಲಲ್ಲಿ ನಡೆದು ಬಂದಿದ್ದ ಹೊಳಬಸಪ್ಪ ಒಂದು ಲೋಟ ನೀರು ಕೇಳಿದ. ಆ ಮನೆಯಲ್ಲಿ ಅಲ್ಲಿಯವರೆಗೆ ಯಾರಿಗೂ ನೀರು ಇಲ್ಲ ಎಂದಿರಲಿಲ್ಲ.

"ನಿನ್ನ ಹೆಸರಿನ್ವು ಆರು ಗಡಿಗಿ ಅದಾವಲ್ಲ," ಎಂದಳು ಗುರುಲಿಂಗವ್ವ, "ಅಲ್ಲೇ ಹೋಗಿ ಕುಡಿ."